ಮಿದುಳಿಗೆ ಕಲಿಯುವ ವಯಸ್ಸು ಮೀರುವುದಿಲ್ಲ

“ಇಷ್ಟು ವಯಸ್ಸಾದ ಮ್ಯಾಲೆ ಇನ್ನೇನ್ ಕಲೀತಾರ್ರಿ?” ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಭಾಗದಲ್ಲಿ ಲಕ್ವಾ ಹೊಡೆದ ಹಿರಿಯರ ಬಗ್ಗೆ ಮನೆಯವರು ಹೀಗೆ ಹೇಳುವುದುಂಟು. ಈ ಮಾತು ಸರಿಯಲ್ಲ.

ಮಿದುಳಿನ ಸುಮಾರು ಅರ್ಧ ಭಾಗ ಬಿಳಿ ದ್ರವ್ಯ. ಅದು ಸುದ್ದಿ ಒಯ್ಯುವ ನರತಂತುಗಳ ಕಟ್ಟು. ಪಂಪ್‌ಸೆಟ್ಟಿನ ವೈರಿಗೆ ಇರುವಂತೆ ಈ ತಂತುಗಳಿಗೂ ಹೊದಿಕೆ ಇದೆ. ಅದು ಮೈಲಿನ್ ಎಂಬ ಕೊಬ್ಬಿನ ಪದರ. ಬಿಳಿ ಬಣ್ಣ ಬಂದದ್ದು ಅದರಿಂದಲೇ. ವೈರಿನ ಹೊದಿಕೆ ಶಾಕ್ ತಪ್ಪಿಸಲು ಇದ್ದರೆ ಇದು ವೇಗಕ್ಕಾಗಿ. ಹೊದಿಕೆ ಇಲ್ಲದ ನರದಲ್ಲಿ ಸುದ್ದಿ ಸೆಕೆಂಡಿಗೆ ಸುಮಾರು 1 ಮೀಟರ್ ಸಾಗಿದರೆ, ದಪ್ಪ ಹೊದಿಕೆಯ ನರದಲ್ಲಿ 100 ಮೀಟರಿನವರೆಗೂ ಸಾಗಬಲ್ಲದು.

ಈ ಜೋಡಣೆ ಹರೆಯದಲ್ಲೇ ಮುಗಿಯುತ್ತದೆಂದು ಬಹುಕಾಲ ತಿಳಿಯಲಾಗಿತ್ತು. 2009ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್ ವಿಜ್ಞಾನಿಗಳು ವಯಸ್ಕರಿಗೆ 6 ವಾರ, ದಿನಕ್ಕೆ ಅರ್ಧ ತಾಸಿನಂತೆ, ಮೂರು ಚೆಂಡು ಎಸೆದು ಹಿಡಿಯುವ ಆಟ ಕಲಿಸಿದರು. ಮೊದಲು ಮತ್ತು ನಂತರ ಸ್ಕ್ಯಾನ್ ಮಾಡಿ ನೋಡಿದಾಗ, ಕಣ್ಣು-ಕೈಗಳನ್ನು ಹೊಂದಿಸುವ ಭಾಗದ ಬಿಳಿ ದ್ರವ್ಯ ಬದಲಾಗಿತ್ತು. ಆಟ ಚೆನ್ನಾಗಿ ಬಾರದವರಲ್ಲೂ ಬದಲಾವಣೆ ಇತ್ತೆಂಬುದನ್ನು ವಿಶೇಷವಾಗಿ ಗಮನಿಸಿರಿ. ಅವರೆಲ್ಲ ಹೆಚ್ಚಾಗಿ ಯುವಕರೇನೋ ಹೌದು. ಆದರೆ ಅದೇ ವರ್ಷ ಕೊಲಂಬಿಯಾ ದೇಶದಲ್ಲಿ, ಬಂದೂಕು ಕೆಳಗಿಟ್ಟು ದೊಡ್ಡವರಾದ ಮೇಲೆ ಅಕ್ಷರ ಕಲಿತವರನ್ನು ಪರೀಕ್ಷಿಸಿದಾಗ, ಮಿದುಳಿನ ಎಡ-ಬಲಗಳನ್ನು ಜೋಡಿಸುವ ಬಿಳಿ ದ್ರವ್ಯ ಅನಕ್ಷರಸ್ಥರಿಗಿಂತ ಹೆಚ್ಚಿರುವುದು ಕಂಡುಬಂತು.

ಲಕ್ವಾದಲ್ಲಿ ಸತ್ತ ಜೀವಕೋಶ ಮರಳಿ ಬರುವುದಿಲ್ಲ. ಉಳಿದ ದಾರಿಗಳು ಮಾತ್ರ ಅಭ್ಯಾಸದಿಂದ ಬಲಗೊಳ್ಳಬಲ್ಲವು. ಆದ್ದರಿಂದ ಅಂಗಿಯ ಗುಂಡಿಯನ್ನು ತಡವಾದರೂ ಅವರೇ ಹಾಕಿಕೊಳ್ಳಲಿ, ರೊಟ್ಟಿಯನ್ನು ಅವರೇ ಮುರಿಯಲಿ. ಸೇವೆಯೆಂದು ಎಲ್ಲವನ್ನೂ ನೀವೇ ಮಾಡಿಬಿಟ್ಟರೆ ಆ ಕೈಗೆ ಅಭ್ಯಾಸ ಎಲ್ಲಿಂದ ಬರಬೇಕು? ಫಿಸಿಯೋಥೆರಪಿಯವರು ಹೇಳಿಕೊಟ್ಟ ವ್ಯಾಯಾಮವನ್ನು ಮನೆಯಲ್ಲಿ ದಿನವೂ ಮಾಡಿಸಿರಿ. ಬಿದ್ದಾರೆಂಬ ಭಯವಿದ್ದರೆ ಹತ್ತಿರ ನಿಂತಿರಿ. ಆರೋಗ್ಯವಂತರೂ ಕೌದಿ ಹೊಲಿಯುವುದನ್ನೋ ತಬಲಾ ನುಡಿಸುವುದನ್ನೋ ಹೊಸದಾಗಿ ಕಲಿಯಬಹುದು.

ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಇವು ಬಿಳಿ ದ್ರವ್ಯದ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತವೆ. ಆರಾಮಾಯಿತೆಂದು ಬಿ.ಪಿ. ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಬಾಯಿ ಸೊಟ್ಟಗಾಗುವುದು, ಕೈ ಜೋಲುವುದು, ಮಾತು ತೊದಲುವುದು ಒಮ್ಮೆಲೇ ಕಂಡರೆ ನಾಟಿ ಔಷಧಕ್ಕೆ ಅಲೆಯದೆ 108ಕ್ಕೆ ಫೋನ್ ಮಾಡಿರಿ. ರಕ್ತದ ಗಡ್ಡೆಯಿಂದಾದ ಲಕ್ವಾಕ್ಕೆ ಗಡ್ಡೆ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕಾಗುತ್ತದೆ. ಲಕ್ಷಣ ಶುರುವಾದ ವೇಳೆಯನ್ನು ಗುರುತಿಟ್ಟುಕೊಂಡು ವೈದ್ಯರಿಗೆ ತಿಳಿಸಿರಿ.