ಎಲ್ಲ ಪದಕ್ಕೂ ಹೆಣ್ಣುರೂಪ ಹುಡುಕಬೇಡಿ

ಲಯನ್, ಲಯನೆಸ್ ಎಂದು ಕಲಿತ ಕೂಡಲೇ ಇಂಗ್ಲಿಷಿನ ಎಲ್ಲ ನಾಮಪದಕ್ಕೂ ಅಂಥದೇ ಬಾಲ ಅಂಟಿಸಲು ಹೋಗಬೇಡಿ, ಮಕ್ಕಳೇ. ಟೀಚರ್, ಡಾಕ್ಟರ್, ಕಸಿನ್ ಇವೆಲ್ಲ ಗಂಡು ಹೆಣ್ಣು ಇಬ್ಬರಿಗೂ ಸಲ್ಲುವ ಸಾಮಾನ್ಯ ಲಿಂಗದವು. ‘ಕಸಿನ್ ಬ್ರದರ್’ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಬರೆಯುವಾಗ ಬರೀ ಕಸಿನ್ ಸಾಕು. ‘ಲೇಡಿ ಡಾಕ್ಟರ್’ ಎನ್ನುವುದನ್ನಂತೂ ಬಿಟ್ಟೇಬಿಡಿ, ಆಕೆಯ ವಿದ್ಯೆಗೆ ಆ ವಿಶೇಷಣ ಬೇಕಿಲ್ಲ.

ಹೆಚ್ಚು ಎಡವುವುದು ಮಗುವಿನ ವಿಷಯದಲ್ಲಿ. ಕನ್ನಡದಲ್ಲಿ ಮಗು ‘ಅಳುತ್ತದೆ’, ಅದು ನಪುಂಸಕಲಿಂಗ. ಅದೇ ರೂಢಿಯಲ್ಲಿ ಗೆಳತಿಯ ಕೂಸನ್ನು ‘ಇಟ್’ ಎಂದರೆ ತಾಯಿಗೆ ನೋವಾದೀತು. ಗೊತ್ತಿದ್ದರೆ ‘ಹೀ’ ಅಥವಾ ‘ಶೀ’ ಅನ್ನಿ.

ಇನ್ನು ಹಡಗನ್ನು ‘ಶೀ’ ಎನ್ನುವ ಹಳೆಯ ರೂಢಿ. ಹಡಗುಗಳ ಸುದ್ದಿಗೇ ಮೀಸಲಾದ ಲಂಡನ್ನಿನ ಲಾಯ್ಡ್ಸ್ ಲಿಸ್ಟ್ ಪತ್ರಿಕೆಯೇ 2002ರಲ್ಲಿ ‘ಇಟ್’ಗೆ ಬದಲಾಯಿತು. ನೀವೂ ಧೈರ್ಯವಾಗಿ ಹಾಗೇ ಬರೆಯಿರಿ.