ಹೊರದೇಶದ ಕಾರಿಗೆ ನಮ್ಮ ನಾಡಿನ ಸಂಖ್ಯಾಫಲಕ

ಮೋಟಾರು ಗಾಡಿಯ ಹಿಂದೆ ಮುಂದೆ ಇರುವ ಸಂಖ್ಯಾಫಲಕವು ನೋಟಕ್ಕೆ ಒಂದು ತುಂಡು ತಗಡು ಮಾತ್ರ. ಆದರೆ ದಾರಿಹೋಕನಿಗೆ ಡಿಕ್ಕಿ ಹೊಡೆದು ಓಡಿದ ಗಾಡಿಯನ್ನಾಗಲಿ, ಕಳವಾದ ಗಾಡಿಯನ್ನಾಗಲಿ ಗುರುತಿಸಲು ಅನೇಕ ವೇಳೆ ಅದೊಂದೇ ಆಧಾರವಾಗಿರುತ್ತದೆ. ಹೊರದೇಶದಿಂದ ತರಿಸಿದ ಕಾರಿಗೆ ಈ ತಗಡನ್ನು ಸರಿಯಾಗಿ ಕೂರಿಸುವುದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ತೊಡಕಿಗೆ ಮೂಲ ಕಾರಣ ಅಳತೆಯ ಭೇದ. ಯೂರೋಪಿನ ಬಹುತೇಕ ದೇಶಗಳಲ್ಲಿ ಫಲಕದ ಉದ್ದ 520 ಮಿ.ಮೀ., ಎತ್ತರ 110 ಮಿ.ಮೀ. ಜಪಾನಿನಲ್ಲಿ ಸಾಮಾನ್ಯ ಕಾರಿನ ಫಲಕ 330×165 ಮಿ.ಮೀ.; ಅಮೆರಿಕದಲ್ಲಿ 12×6 ಅಂಗುಲ, ಅಂದರೆ 305×152 ಮಿ.ಮೀ. ಭಾರತದಲ್ಲಿ ಕಾರುಗಳಿಗೆ ಎರಡು ಅಳತೆಗಳುಂಟು: 500×120 ಮತ್ತು 340×200 ಮಿ.ಮೀ. ತಯಾರಕರು ತಮ್ಮ ಮಾರುಕಟ್ಟೆಯ ಫಲಕಕ್ಕೆ ತಕ್ಕಂತೆ ಬಂಪರಿನಲ್ಲಿ ತಗ್ಗನ್ನು ಬಿಟ್ಟಿರುತ್ತಾರೆ. ಯೂರೋಪಿನ ಫಲಕದಷ್ಟೇ ಇರುವ ತಗ್ಗಿನಲ್ಲಿ ನಮ್ಮ ಉದ್ದ ಫಲಕವನ್ನಿಟ್ಟರೆ ಅಡ್ಡಕ್ಕೆ 20 ಮಿ.ಮೀ. ಜಾಗ ಉಳಿಯುತ್ತದೆ, ಎತ್ತರದಲ್ಲಾದರೋ 10 ಮಿ.ಮೀ. ಸಾಲದೆ ಬರುತ್ತದೆ.

ಹಾಗಾದರೆ ಫಲಕವನ್ನೇ ಕತ್ತರಿಸಬಾರದೇಕೆ? 2019ರ ಏಪ್ರಿಲ್ 1ರಿಂದೀಚೆಗೆ ಹೊಸ ವಾಹನಗಳಿಗೆಲ್ಲ ಅತಿಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಗಿದೆ. ಅಲ್ಯುಮಿನಿಯಂ ತಗಡಿನ ಈ ಫಲಕದ ಮೇಲೆ ಅಶೋಕಚಕ್ರದ ಹೊಲೊಗ್ರಾಮೂ ಲೇಸರ್ ಕಿರಣದಿಂದ ಕೆತ್ತಿದ ಗುರುತುಸಂಖ್ಯೆಯೂ ಇರುತ್ತವೆ. ಅದನ್ನು ಕತ್ತರಿಸುವುದೂ ಬಗ್ಗಿಸುವುದೂ ಸಲ್ಲದು. ಆದುದರಿಂದ ಫಲಕಕ್ಕೂ ಬಂಪರಿಗೂ ನಡುವೆ ಒಂದು ಚೌಕಟ್ಟನ್ನು ಇರಿಸುವುದೇ ಸರಿಯಾದ ಉಪಾಯ.

ಚೌಕಟ್ಟನ್ನು ಸಾಧ್ಯವಾದಷ್ಟೂ ಬಂಪರಿನಲ್ಲಿ ಮೊದಲೇ ಇರುವ ತೂತುಗಳಿಗೆ ತಿರುಪಿನಿಂದ ಬಿಗಿಯಬೇಕು. ಹೊಸ ತೂತು ಕೊರೆಯಲೇಬೇಕಾದರೆ ಹಿಂಬದಿಯಲ್ಲಿ ಏನಿದೆಯೆಂದು ಮೊದಲು ನೋಡತಕ್ಕದ್ದು. ಈಗಿನ ಅನೇಕ ಕಾರುಗಳಲ್ಲಿ ಅಲ್ಲಿ ರಾಡಾರ್, ಸೆನ್ಸರ್, ವಿದ್ಯುತ್ ತಂತಿಗಳು ಅಡಗಿರುತ್ತವೆ. ಫಲಕವು ರಾಡಾರಿಗೆ ಅಡ್ಡಬಂದರೆ ಮುಂದಿನ ಗಾಡಿಯ ದೂರವನ್ನು ಅದು ಅಳೆಯಲಾರದು. ಗಾಳಿಕಂಡಿಯನ್ನು ಮುಚ್ಚಿದರೆ ಎಂಜಿನ್ನಿನ ತಂಪಿಗೆ ಕೊರತೆಯಾಗುತ್ತದೆ.

ಹಿಂದಿನ ಫಲಕವನ್ನು ಬಂಧಿಸುವ ಸ್ನ್ಯಾಪ್ ಲಾಕ್ ಒಮ್ಮೆ ಕೂತರೆ ಮುರಿಯದೆ ಬಿಚ್ಚಲು ಬಾರದು. ಆದರೆ ಚೌಕಟ್ಟಿನ ತಿರುಪುಗಳು ಹೊರಗೆ ಕಾಣುವಂತಿದ್ದರೆ ಕಳ್ಳನು ಚೌಕಟ್ಟಿನ ಸಮೇತ ಫಲಕವನ್ನು ಕಳಚಿಯಾನು; ಆಗ ಬೀಗದ ಪ್ರಯೋಜನವೇನು? ತಿರುಪಿನ ತಲೆಗಳು ಫಲಕದ ಅಡಿಯಲ್ಲಿ ಚೌಕಟ್ಟಿಗೆ ಸಮನಾಗಿ ಹುದುಗಿರಬೇಕು. ಫಲಕವನ್ನು ಅಧಿಕೃತ ಕೇಂದ್ರದವರೇ ಅಳವಡಿಸುವುದರಿಂದ ಚೌಕಟ್ಟಿನ ಕೆಲಸವನ್ನು ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳುವುದು ಲೇಸು.

ಇನ್ನು ಬಿಸಿಲಿನ ಮಾತು. 400 ಮಿ.ಮೀ. ಅಲ್ಯುಮಿನಿಯಂ ಪಟ್ಟಿಯು 40 ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದಾಗ ಸುಮಾರು 0.4 ಮಿ.ಮೀ. ಹಿಗ್ಗುತ್ತದೆ. ಬಂಪರಿನ ಪ್ಲಾಸ್ಟಿಕ್ ಅದರ ಮೂರು ಪಟ್ಟಿನಷ್ಟಾದರೂ ಹಿಗ್ಗಬಹುದು. ಎರಡೂ ತುದಿಗಳನ್ನು ಬಿಗಿದರೆ ಬಂಪರ್ ಉಬ್ಬುತ್ತದೆ ಇಲ್ಲವೆ ಬಿರಿಯುತ್ತದೆ. ಚೌಕಟ್ಟಿನ ಒಂದು ತುದಿಯ ತೂತನ್ನು ತುಸು ಉದ್ದವಾಗಿ ಕೊರೆದರೆ ಈ ಚಲನೆಗೆ ಎಡೆ ದೊರೆಯುತ್ತದೆ. ಮಂಗಳೂರು, ಉಡುಪಿ, ಕಾರವಾರಗಳಂಥ ಕರಾವಳಿಯ ಊರುಗಳಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯ. ಉಪ್ಪಿನ ತೇವವಿದ್ದಲ್ಲಿ ಉಕ್ಕೂ ಅಲ್ಯುಮಿನಿಯಮ್ಮೂ ತಾಕಿದರೆ ಅಲ್ಲೊಂದು ಪುಟ್ಟ ವಿದ್ಯುತ್ ಕೋಶವೇ ಏರ್ಪಟ್ಟು ಅಲ್ಯುಮಿನಿಯಂ ಸವೆಯತೊಡಗುತ್ತದೆ. ನಡುವೆ ನೈಲಾನ್ ಬಿಲ್ಲೆಯನ್ನಿಟ್ಟರೆ ಅದು ತಪ್ಪುತ್ತದೆ.

ಕಡೆಯದಾಗಿ ಬೆಳಕು. ಕನ್ನಡಿಯು ಓರೆಯಾಗಿ ಬಿದ್ದ ಬೆಳಕನ್ನು ಬೇರೆಡೆಗೆ ಚಿಮ್ಮಿಸುತ್ತದೆ. ಫಲಕದ ಮೇಲಿನ ವಿಶಿಷ್ಟ ಪದರವಾದರೋ ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತದೆ. ಹಿಂದಿನ ಗಾಡಿಯ ದೀಪದ ಬೆಳಕು ಅದರ ಚಾಲಕನ ಕಣ್ಣಿಗೇ ಮರಳುವುದು ಹೀಗೆ. ಅದರ ಮೇಲೆ ಬಣ್ಣದ ಪ್ಲಾಸ್ಟಿಕ್ ಹೊದಿಸಿದರೆ ಈ ಗುಣ ಕೆಡುತ್ತದೆ. ಫಲಕವು ನೆಟ್ಟಗಿರುವುದೂ ಮುಖ್ಯ: 65 ಮಿ.ಮೀ. ಎತ್ತರದ ಅಕ್ಷರವು 30 ಡಿಗ್ರಿ ವಾಲಿದರೆ ಎದುರಿನಿಂದ ನೋಡುವವನಿಗೆ 56 ಮಿ.ಮೀ.ನಷ್ಟೇ ಕಾಣುತ್ತದೆ. ಚೌಕಟ್ಟು ದಪ್ಪವಾಗಿ ಫಲಕವು ದೀಪಕ್ಕಿಂತ ಹೊರಕ್ಕೆ ಚಾಚಿದರೆ ದೀಪದ ಬೆಳಕು ಫಲಕದ ಬೆನ್ನಿಗೆ ಬೀಳುವುದಲ್ಲದೆ ಅಕ್ಷರಗಳಿಗೆ ತಲುಪದು.

ಕೆಲಸ ಮುಗಿದ ಮೇಲೆ ಪರೀಕ್ಷೆ ಸುಲಭ. ಕತ್ತಲಾದ ಬಳಿಕ ಗಾಡಿಯ ದೀಪ ಹೊತ್ತಿಸಿ ಹಿಂದಕ್ಕೆ 15 ಮೀಟರು ನಡೆದು ನಿಂತು ಓದಿರಿ. ನಿಯಮವು ಕೇಳುವುದೂ ಅಷ್ಟು ದೂರದ ಸ್ಪಷ್ಟತೆಯನ್ನೇ. ಒಂದಂಕಿ ಮಸುಕಾಗಿದ್ದರೂ ಚೌಕಟ್ಟನ್ನು ಮತ್ತೆ ಸರಿಪಡಿಸತಕ್ಕದ್ದು. ಆಪತ್ತಿನ ವೇಳೆಯಲ್ಲಿ ಆ ಸಂಖ್ಯೆಯನ್ನು ಓದಬೇಕಾದವನಿಗೆ ದೊರೆಯುವುದು ಕ್ಷಣಮಾತ್ರದ ಅವಕಾಶ.