ಪರದೇಶದ ಬಾತ್ಮೀದಾರನಾಗಲಿರುವ ತಮ್ಮನಿಗೆ

ಕರಜಗಿ



ಪರದೇಶದಲ್ಲಿದ್ದು ಪತ್ರಿಕೆಗೆ ವರ್ತಮಾನ ಕಳುಹಿಸುವ, ಮುಂದೆ ಪ್ರವಾಸಗ್ರಂಥಗಳನ್ನು ರಚಿಸುವ ನಿನ್ನ ಸಂಕಲ್ಪವನ್ನು ತಿಳಿದು ಸಂತೋಷಪಟ್ಟೆನು. ಆದರೆ ನೀನು ಪರದೇಶವೆನ್ನುವುದು ಅಲ್ಲಿ ಹುಟ್ಟಿದವನಿಗೆ ತಾಯ್ನೆಲವೆಂಬುದನ್ನು ಭೀಮಾತೀರದವರಾದ ನಾವು ಮರೆಯಲಾಗದು. ಏಕೆಂದರೆ ಒಂದು ಕಾಲಕ್ಕೆ ಲಂಡನ್ನಿನ ಓದುಗನಿಗೆ ನಮ್ಮ ಈ ಸೀಮೆಯೇ ಪರದೇಶವಾಗಿದ್ದಿತು, ಇಲ್ಲಿಂದ ಅವನಿಗೆ ಬರೆಯುವವನೊಬ್ಬನು ಇದ್ದನು.

ಅವನು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಜನಿಸಿ, ಹದಿನೈದರ ಎಳೆವಯಸ್ಸಿನಲ್ಲಿಯೇ ಮುಂಬಯಿಯ ವರ್ತಕನೊಬ್ಬನ ಆಶ್ರಯವನ್ನರಸಿ ಬಂದು, ಬಳಿಕ ನಿಜಾಮನ ಸೈನ್ಯವನ್ನು ಸೇರಿದ ಈತನು, 1840ರಿಂದ 1853ರವರೆಗೆ ‘ಟೈಮ್ಸ್’ ಪತ್ರಿಕೆಯ ಬಾತ್ಮೀದಾರನಾಗಿದ್ದನು. ಆ ಅವಧಿಯ ಬಹುಭಾಗವನ್ನು ಸುರಪುರದಲ್ಲಿ, ಬಾಲಕನಾದ ರಾಜಾ ವೆಂಕಟಪ್ಪ ನಾಯಕನ ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳುತ್ತ ಕಳೆದನು. ಜೇವರ್ಗಿಯ ಹೊಲಗಳಲ್ಲಿ ದುಂಡಗೆ ಸುತ್ತುವರಿದು ನಿಂತ ಕಲ್ಲುಗಳ ನಡುವೆ ಅಗೆಯಿಸಿ, ಅವು ಅತಿಪ್ರಾಚೀನರ ಸಮಾಧಿಗಳೆಂಬುದನ್ನು ವಿದ್ವಾಂಸರಿಗೆ ಅರುಹಿದವನೂ ಅವನೇ. ಆ ಕಲ್ಲುಗಳ ಮಗ್ಗುಲಲ್ಲಿ ನಮ್ಮ ಹಿರಿಯರು ತಲೆತಲಾಂತರದಿಂದ ಜೋಳ ಬಿತ್ತಿದ್ದರು. ಅವು ಏನೆಂದು ಕೇಳಬೇಕೆಂದು ಯಾರಿಗೂ ತೋರಿರಲಿಲ್ಲ.

ಅವನು ಪತ್ರಿಕೆಗೆ ಬರೆದುದನ್ನು ಇಂದು ಹುಡುಕಿ ಓದುವವರು ವಿರಳ. 1863ರ ‘ತಾರಾ’ ಕಾದಂಬರಿಯನ್ನೂ, ಅವನು ತೀರಿಕೊಂಡ ಮರುವರ್ಷ 1877ರಲ್ಲಿ ಹೊರಬಂದ ಆತ್ಮಕಥೆಯನ್ನೂ ಓದುವವರು ಈಗಲೂ ಇದ್ದಾರೆ. ಇದಕ್ಕೆ ನನಗೆ ತೋರುವ ಕಾರಣವಿದು: ವರ್ತಮಾನವನ್ನು ಬರೆಯುವಾಗ ಲೇಖಕನ ಮುಖವು ದೂರದ ಓದುಗನ ಕಡೆಗಿರುತ್ತದೆ; ಬಹುಕಾಲ ಒಂದೂರಿನ ನೀರು ಕುಡಿದು ಬರೆದಾಗಲಷ್ಟೇ ಅದು ಆ ಊರಿನವರತ್ತ ಹೊರಳುತ್ತದೆ.

ಹಾಗೆಂದು ಅವನನ್ನು ಕಣ್ಣುಮುಚ್ಚಿ ಅನುಸರಿಸಬೇಡ. ವೆಂಕಟಪ್ಪ ನಾಯಕನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಅದೇ ನಾಯಕನು 1858ರಲ್ಲಿ ಬ್ರಿಟಿಷರಿಗೆದುರಾಗಿ ನಿಂತು ಸೆರೆಸಿಕ್ಕನು. ಆ ದುರಂತವನ್ನು ಟೇಲರನು ವ್ಯಥೆಯಿಂದಲೇ ಬರೆದನು, ಆದರೆ ಆಳುವವರ ಪಕ್ಷದಲ್ಲಿ ನಿಂತು ಬರೆದನು. ಅದೇ ಕಥೆಯನ್ನು ಸುರಪುರದವರು ಹೇಳುವಾಗ ವೆಂಕಟಪ್ಪನು ದಾರಿ ತಪ್ಪಿದ ಮಗನಲ್ಲ, ತಮ್ಮ ವೀರ ದೊರೆ. ನೀನು ಹೋದೆಡೆಯಲ್ಲಿಯೂ ಇಂಥ ಎರಡನೆಯ ಕಥೆಯೊಂದು ಇದ್ದೇ ಇರುವುದು. ಅದನ್ನು ಹೇಳುವವರ ಭಾಷೆಯನ್ನು ಮೊದಲು ಕಲಿ.

ಹೊರಡುವ ಮುನ್ನ ಸುರಪುರಕ್ಕೆ ಹೋಗಿ, ಗುಡ್ಡದ ಮೇಲಣ ಅವನ ಮನೆಯಾಗಿದ್ದ ಟೇಲರ್ ಮಂಜಿಲನ್ನು ನೋಡಿ, ಸಂಜೆಯವರೆಗೆ ಊರೊಳಗೆ ಕುಳಿತು ಜನರ ಮಾತು ಕೇಳು. ಕಂಡುದನ್ನೂ ಕೇಳಿದುದನ್ನೂ ಒಂದು ಪುಟದಷ್ಟು ಬರೆದು, ನನಗೆ ಕಳುಹಿಸುವ ಮೊದಲು ಅಲ್ಲಿಯ ಹಿರಿಯರೊಬ್ಬರಿಗೆ ಓದಿ ಹೇಳು. ಅವರು ಏನೆಂದರೆಂಬುದನ್ನು ತಪ್ಪದೆ ತಿಳಿಸು.

ಇಂತು,
ನಿನ್ನ ಕಾಕಾ